ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2: ಹೊಸಬರು ಎಲ್ಲಿಂದ ಹಿಡಿಯಬೇಕು?

ಓರೆಜಿಗಿತ:
2024ರಲ್ಲಿ ಬಂದ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್‌ನಲ್ಲಿ (ಹಳೇ ಹೊಡೆದಾಟದ ವಿಡಿಯೋ ಗೇಮ್‌ಗಳ ಸಂಗ್ರಹ) ಎಂವಿಸಿ 2 ಶುರು ಮಾಡಿದೀನಿ. ಸ್ಟ್ರೀಟ್ ಫೈಟರ್ ಆಡಿ ಗೊತ್ತು, ಹಡೋಕೆನ್, ಶೋರ್ಯುಕೆನ್‌ನಂಥ ಸ್ಪೆಷಲ್ ಏಟುಗಳೆಲ್ಲ ಕೈಗೆ ಬರುತ್ತೆ. ಆದ್ರೆ ಇಲ್ಲಿ 56 ಪಾತ್ರ, ಮೂವರ ತಂಡ, ಒಬ್ಬೊಬ್ಬರಿಗೂ ಆಲ್ಫಾ, ಬೀಟಾ, ಗಾಮಾ ಅಂತ ಮೂರು ಬಗೆ ಅಸಿಸ್ಟ್ (ಹೊರಗಿರೋ ಜೊತೆಗಾರ ಒಂದು ಕ್ಷಣ ಬಂದು ಹೊಡೆದು ಹೋಗೋದು). ಯಾರನ್ನ ತಗೊಳ್ಳಬೇಕು, ಮೊದಲು ಏನು ಕಲಿಯಬೇಕು ತಿಳಿಯುತ್ತಿಲ್ಲ. ಆನ್‌ಲೈನ್‌ನಲ್ಲಂತೂ ಮೂಲೆಗೆ ತಳ್ಳಿದ್ರೆ ಮುಗೀತು, ಬ್ಲಾಕ್ ಹಿಡಿದುಕೊಂಡೇ ಸಾಯ್ತೀನಿ. ಉದ್ದದ ಕಾಂಬೊ (ನಡುವೆ ತಡೆಯಲಾಗದ ಹಾಗೆ ಸಾಲಾಗಿ ತಗುಲೋ ಏಟುಗಳು) ಬಾಯಿಪಾಠ ಮಾಡಿದ್ರೆ ಸರಿಹೋಗುತ್ತಾ?

ಮೂರನೇ_ಬಾರ್:
ಕಾಂಬೊ ಆಮೇಲೆ. ಈ ಆಟದ ಜೀವ ಇರೋದು ಅಸಿಸ್ಟ್ ಬಟನ್‌ನಲ್ಲಿ. ಯಾವಾಗ ಕರೀಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಕರೀಬಾರದು ಅಂತ ತಿಳಿದವನು ನಾಲ್ಕೇ ಏಟಿನ ಕಾಂಬೊ ಇಟ್ಟುಕೊಂಡು ಗೆಲ್ಲಬಹುದು.

ಬಟನ್ ಮೊದಲು ಸರಿ ಮಾಡಿಕೊಳ್ಳಿ. ಇಲ್ಲಿ ಏಟಿಗೆ ನಾಲ್ಕೇ: ಎಲ್‌ಪಿ (ಲೈಟ್ ಪಂಚ್), ಎಚ್‌ಪಿ (ಹೆವಿ ಪಂಚ್), ಎಲ್‌ಕೆ (ಲೈಟ್ ಕಿಕ್), ಎಚ್‌ಕೆ (ಹೆವಿ ಕಿಕ್). ಎ1, ಎ2 ಅಸಿಸ್ಟ್‌ಗೆ. ಮೀಡಿಯಂ ಏಟಿಗೆ ಬೇರೆ ಬಟನ್ ಇಲ್ಲ, ಲೈಟ್ ಒತ್ತಿ ತಕ್ಷಣ ಅದನ್ನೇ ಇನ್ನೊಮ್ಮೆ ಒತ್ತಿದ್ರೆ ಬರುತ್ತೆ. ಎಲ್‌ಪಿ ಮತ್ತು ಎಚ್‌ಪಿ ಅಕ್ಕಪಕ್ಕ ಇರಲಿ, ಎರಡನ್ನೂ ಒಟ್ಟಿಗೆ ಒತ್ತೋ ಕೆಲಸ ಮ್ಯಾಚ್ ಪೂರ್ತಿ ಇರುತ್ತೆ. ಪ್ಯಾಡ್ ಆದ್ರೆ ಎ1, ಎ2 ಎರಡನ್ನೂ ಬಲಗಡೆ ಶೋಲ್ಡರ್ ಬಟನ್‌ಗಳಿಗೆ ಹಾಕಿ.

ಎಲ್‌ಪಿ+ಎಚ್‌ಪಿ ಅಂದ್ರೆ ಡ್ಯಾಶ್, ಚಂಗನೆ ಮುಂದಕ್ಕೆ ನುಗ್ಗೋದು. ಅದೇ ಜೋಡಿಯನ್ನ ಬ್ಲಾಕ್ ಮಾಡ್ತಿರುವಾಗ ಒತ್ತಿದ್ರೆ ಪುಶ್‌ಬ್ಲಾಕ್, ಎದುರಾಳಿ ಹಿಂದಕ್ಕೆ ಜಾರ್ತಾನೆ. ಮೂಲೆಯಲ್ಲಿ ಸಾಯೋದಕ್ಕೆ ಮದ್ದು ಇದೇ. ಎಡವೋದು ಒಂದೇ ಕಡೆ: ಏಟು ಬ್ಲಾಕ್‌ಗೆ ತಾಗೋ ಮುಂಚೆ ಒತ್ತಿದ್ರೆ ಪುಶ್‌ಬ್ಲಾಕ್ ಬರಲ್ಲ, ಬ್ಲಾಕ್‌ಗೆ ಸ್ಟಿಕ್ ಹಿಂದೆ ಹಿಡಿದಿರೋದರಿಂದ ಬ್ಯಾಕ್‌ಡ್ಯಾಶ್ ಬರುತ್ತೆ, ಬ್ಲಾಕ್ ಬಿಟ್ಟುಹೋಗಿ ಪೂರ್ತಿ ಕಾಂಬೊ ತಿಂತೀರಿ. ತಾಗಿದ ಸದ್ದು ಕೇಳಿಸಿದ ಮೇಲೇ ಒತ್ತಿ.

ಇನ್ನು ಅಸಿಸ್ಟ್. ಕರೆಸಿದವನು ಬ್ಲಾಕ್ ಮಾಡಲಾರ. ಕೆಲಸ ಮುಗಿಸಿ ಒಂದು ಕ್ಷಣ ಪೋಸ್ ಕೊಟ್ಟು ಆಮೇಲೆ ಹಾರಿಹೋಗ್ತಾನೆ, ಆ ಪೋಸ್ ಹೊತ್ತಲ್ಲೂ ಏಟು ತಗಲುತ್ತೆ. ನೀವು ಆಡ್ತಿರೋ ಪಾತ್ರ, ಅಸಿಸ್ಟ್ ಇಬ್ಬರೂ ಒಂದೇ ಏಟಿಗೆ ಸಿಕ್ಕಿಬಿದ್ದರೆ ಅದಕ್ಕೆ ಆಟಗಾರರು 'ಹ್ಯಾಪಿ ಬರ್ತ್‌ಡೇ' ಅಂತಾರೆ, ಹಬ್ಬ ಎದುರಾಳಿಗೆ! ಹಾಗಾಗಿ ಎದುರಾಳಿ ಬ್ಲಾಕ್‌ನಲ್ಲಿ ಸಿಕ್ಕಿಕೊಂಡಿರುವಾಗ, ಇಲ್ಲವೇ ನಿಮ್ಮ ಏಟು ಅಸಿಸ್ಟ್‌ಗೆ ಮರೆಯಾಗಿ ನಿಲ್ಲುವಾಗ ಕರೆಯಿರಿ. ಅವನು ಸುಮ್ಮನೆ ನಿಂತು ನಿಮ್ಮನ್ನೇ ನೋಡ್ತಿದ್ರೆ ಬೆರಳು ಎತ್ತಿಡಿ. ಸೂಪರ್ ಜಂಪ್‌ನಲ್ಲಿ (ತುಂಬಾ ಎತ್ತರದ ಜಿಗಿತ) ಅಸಿಸ್ಟ್ ಬರೋದೇ ಇಲ್ಲ, ಮಾಮೂಲಿ ಜಂಪ್‌ನಲ್ಲಿ ಬರುತ್ತೆ. ಬಟನ್ ಕೆಟ್ಟಿದೆ ಅಂತ ಹೊಸಬರು ಅಂದುಕೊಳ್ಳೋದು ಇದಕ್ಕೇ.

ತಂಡ: ಸ್ಟಾರ್ಮ್ ಆಲ್ಫಾ, ಸೆಂಟಿನಲ್ ಗಾಮಾ, ಕ್ಯಾಪ್ಟನ್ ಕಮ್ಯಾಂಡೊ ಬೀಟಾ. ಸೆಂಟಿನಲ್‌ನ ಡ್ರೋನ್‌ಗಳು ಎದುರಾಳಿಯನ್ನ ಬ್ಲಾಕ್‌ನಲ್ಲಿ ಕೂರಿಸುತ್ತವೆ, ಅಷ್ಟರಲ್ಲಿ ಸ್ಟಾರ್ಮ್ ಹತ್ತಿರ ಬರ್ತಾಳೆ. ಮೇಲಿಂದ ಹಾರಿ ಬರೋರಿಗೆ ಕಮ್ಯಾಂಡೊನ ಕಂಬದಂಥ ಏಟು. ಮೂವರದ್ದೂ ಕೆಲಸ ಬೇರೆ ಬೇರೆ, ಯಾವ ಬಟನ್ ಯಾಕೆ ಒತ್ತಿದೆ ಅಂತ ನಿಮಗೇ ಗೊಂದಲ ಇರಲ್ಲ.

ವೈಪರ್‌ಬೀಮ್:
ಮೇಲಿನವರು ಹೇಳಿದ್ದರಲ್ಲಿ ತಂಡದ ಮಾತು ಮಾತ್ರ ಒಪ್ಪಲ್ಲ. ಗಾಳಿಯಲ್ಲಿ ಎಂಟು ದಿಕ್ಕಿಗೂ ಡ್ಯಾಶ್ ಹೊಡೆಯೋ ಸ್ಟಾರ್ಮ್‌ನ ಮೊದಲ ವಾರದಲ್ಲೇ ಹಿಡಿದ್ರೆ ಕೈ ಕಟ್ಟಿಹೋಗುತ್ತೆ. ಕೇಬಲ್ ಅನ್ನೋ ಪಾತ್ರ ಮುಂದೆ ಇರಲಿ, ಹಿಂದೆ ಅದೇ ಸೆಂಟಿನಲ್, ಕಮ್ಯಾಂಡೊ. ಇದಕ್ಕೆ 'ಟೀಮ್ ಸ್ಕ್ರಬ್' (ಕಚ್ಚಾ ಆಟಗಾರರ ತಂಡ) ಅಂತ ಹೆಸರು ಬಿದ್ದಿರೋದೇ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡೋದರಿಂದ.

ಕೇಬಲ್‌ನ ಅಸ್ತ್ರ ಏರ್ ಹೈಪರ್ ವೈಪರ್ ಬೀಮ್, ಗಾಳಿಯಲ್ಲಿ ಬಿಡೋ ಹೈಪರ್ (ಮೀಟರ್ ತಿನ್ನೋ ದೊಡ್ಡ ಏಟು). ಸ್ಟಿಕ್ ಕೆಳಗೆ, ಕೆಳಗಿನ ಓರೆ, ಮುಂದೆ, ಅಲ್ಲಿಂದ ನಿಲ್ಲಿಸದೆ ಮೇಲಿನ ಓರೆ. ಕಾಲು ನೆಲ ಬಿಟ್ಟ ಕ್ಷಣಕ್ಕೆ ಎಲ್‌ಪಿ+ಎಚ್‌ಪಿ. ಬೇಗ ಒತ್ತಿದ್ರೆ ನೆಲದ ಮೇಲಿನ ಬೀಮ್ ಬರುತ್ತೆ, ಅದರ ರಿಕವರಿ (ಏಟಿನ ನಂತರ ಏನೂ ಮಾಡಲಾಗದ ಹೊತ್ತು) ಉದ್ದ. ತಡವಾದ್ರೆ ಕೇಬಲ್ ಎತ್ತರದಲ್ಲಿರ್ತಾನೆ, ಇಳಿಯೋ ಹೊತ್ತಿಗೆ ಎದುರಾಳಿ ಚೇತರಿಸಿಕೊಂಡಿರ್ತಾನೆ. ಸರಿಯಾಗಿ ನೆಲಕ್ಕಂಟಿದ ಹಾಗೆ ಬಂದ್ರೆ, ಕಾಲು ನೆಲಕ್ಕೆ ತಾಗಿದ್ದೇ ರಿಕವರಿ ಕಡಿದುಹೋಗುತ್ತೆ, ತಕ್ಷಣ ಇನ್ನೊಂದು ಬಿಡಬಹುದು. ಒಂದಕ್ಕೆ ಒಂದು ಲೆವೆಲ್ ಮೀಟರ್ (ಹೊಡೆದಾಡ್ತಾ ತುಂಬೋ ಶಕ್ತಿಪಟ್ಟಿ) ಖರ್ಚು. ಮೂರು ಸಾಲಾಗಿ ತಗುಲಿದ್ರೆ ಹೆಚ್ಚಿನ ಪಾತ್ರಗಳ ಕಥೆ ಅಲ್ಲಿಗೇ ಮುಗಿಯುತ್ತೆ. ಎದುರಾಳಿ ಪರದೆಯ ಆಚೆ ತುದಿಯಲ್ಲಿ ಅಸಿಸ್ಟ್ ಕರೆದ್ರೂ ಸಾಕು, ಬೀಮ್ ಬಿಡಿ.

ಮೂರನೇ_ಬಾರ್:
ಬೀಮ್ ಕಾದು ಕೂರೋದೊಂದನ್ನೇ ಕಲಿತು ನಿಂತುಬಿಡೋರು ಬಹಳ ಜನ, ಅದಕ್ಕೇ ನಾನು ಸ್ಟಾರ್ಮ್ ಹೇಳಿದ್ದು. ಮೀಟರ್ ಖಾಲಿ ಆದ ಕೇಬಲ್ ಓಡಲಾರ, ಬಚ್ಚಿಟ್ಟುಕೊಳ್ಳಲಾರ. ಆದ್ರೂ ಮೊದಲ ತಂಡವಾಗಿ ತಕರಾರಿಲ್ಲ.

ಓರೆಜಿಗಿತ:
ಪುಶ್‌ಬ್ಲಾಕ್ ಕೆಲಸ ಮಾಡ್ತು, ಥ್ಯಾಂಕ್ಸ್. ಕೇಬಲ್‌ನನ್ನೇ ಹಿಡಿದಿದೀನಿ. ಈಗ ಬೇರೆ ಸಮಸ್ಯೆ: ಒಬ್ಬ ಸತ್ತ ಮೇಲೆ ಎರಡನೆಯವನು ಒಳಗೆ ಬರುವಾಗಲೇ ಹೊಡೆತ ಬೀಳುತ್ತೆ. ಬ್ಲಾಕ್ ಹಿಡಿದಿದ್ರೂ ಎರಡನೇ ಏಟು ತಗಲುತ್ತೆ, ಯಾಕೆ? ಇನ್ನೊಂದು, ಆಡ್ತಿದ್ದವನು ತಾನೇ ಹೊರಗೆ ಹೋಗಿ ಬೇರೆಯವನು ಒಳಗೆ ಬಂದುಬಿಡ್ತಾನಲ್ಲ, ನಾನು ಏನೂ ಒತ್ತಿರಲ್ಲ.

ಸ್ನ್ಯಾಪ್_ಔಟ್:
ಎರಡನೆಯದು ಎದುರಾಳಿ ಮಾಡುವ ಸ್ನ್ಯಾಪ್‌ಬ್ಯಾಕ್. ಸ್ಟಿಕ್ ಕೆಳಗಿಂದ ಮುಂದಕ್ಕೆ ಕ್ವಾರ್ಟರ್ ಸರ್ಕಲ್ (ಕಾಲು ವೃತ್ತ), ಜೊತೆಗೆ ಎ1 ಅಥವಾ ಎ2. ಒಂದು ಲೆವೆಲ್ ಖರ್ಚು. ತಗುಲಿದರೆ ನೀವು ಆಡುತ್ತಿರುವ ಪಾತ್ರ ಹೊರಗೆ, ಅವನು ಒತ್ತಿದ ಬಟನ್‌ಗೆ ತಕ್ಕವನು ಒಳಗೆ. ಇದನ್ನು ಬಳಸಲು ಕಾರಣ ಇದೆ: ಹೊರಗೆ ನಿಂತ ಪಾತ್ರ ಕೆಂಪು ಪಟ್ಟಿಯಷ್ಟು ಆರೋಗ್ಯವನ್ನು ನಿಧಾನಕ್ಕೆ ವಾಪಸ್ ಪಡೆಯುತ್ತದೆ. ಅರ್ಧ ಸತ್ತು ಹೊರಗೆ ಚೇತರಿಸಿಕೊಳ್ಳುತ್ತಿರುವವನನ್ನೋ, ತೊಂದರೆ ಕೊಡುವ ಅಸಿಸ್ಟನ್ನೋ ಎಳೆದು ತಂದು ಮುಗಿಸುತ್ತಾರೆ. ಅದೇ ಕಾರಣಕ್ಕೆ, ಕಮ್ಯಾಂಡೊನ ಆರೋಗ್ಯದ ಪಟ್ಟಿ ಸಣ್ಣದಾಗಿದ್ದರೆ ಸ್ವಲ್ಪ ಹೊತ್ತು ಅವನನ್ನು ಕರೆಯಲೇಬೇಡಿ.

ಮೊದಲನೆಯದು ಗಾರ್ಡ್ ಬ್ರೇಕ್. ಒಳಬರುವ ಪಾತ್ರ ಗಾಳಿಯಲ್ಲಿ ಒಂದು ಏಟನ್ನು ಬ್ಲಾಕ್ ಮಾಡಿದ ಮೇಲೆ, ಆ ಬ್ಲಾಕ್ ಮುಗಿದರೆ ನೆಲ ಮುಟ್ಟುವತನಕ ಮತ್ತೆ ಬ್ಲಾಕ್ ಆಗುವುದಿಲ್ಲ. ಅದು ನಿಮ್ಮ ಕೈತಪ್ಪಲ್ಲ, ಆಟ ಇರುವುದೇ ಹಾಗೆ. ಎದುರಾಳಿ ಒಂದು ಏಟು ಕೊಟ್ಟು, ಬ್ಲಾಕ್ ಬಿಡುವುದನ್ನು ಕಾದು ಎರಡನೆಯದನ್ನು ಬಿಡುತ್ತಾನೆ. ಒಳಬರುವಾಗ ಪ್ರತಿ ಸಲವೂ ಬ್ಲಾಕ್ ಹಿಡಿಯಬೇಡಿ. ಅವನು ಕಾಯುತ್ತಿದ್ದಾನೆ ಅನ್ನಿಸಿದರೆ ಬರುತ್ತಲೇ ಏಟು ಬಿಡಿ, ಗಾಳಿಯಲ್ಲಿ ಡ್ಯಾಶ್ ಇರುವ ಪಾತ್ರವಾದರೆ ಜಾಗ ಬದಲಿಸಿ. ಇಲ್ಲಿ ಊಹೆಯ ಆಟವೇ, ಖಚಿತ ಉತ್ತರ ಇಲ್ಲ.

ಇದಕ್ಕಿಂತ ಅಗ್ಗದ ದಾರಿ, ಆ ಸ್ಥಿತಿಗೆ ಹೋಗದಿರುವುದು. ನೀವು ಆಡುತ್ತಿರುವ ಪಾತ್ರ ಸಾಯುವ ಅಂಚಿನಲ್ಲಿದ್ದರೆ ಡಿಲೇಡ್ ಹೈಪರ್ ಕಾಂಬೊ ಮೂಲಕ ಹೊರಗೆ ತನ್ನಿ: ಇವನ ಹೈಪರ್ ಓಡುತ್ತಿರುವಾಗಲೇ ಸರದಿಯಲ್ಲಿ ಮುಂದಿರುವವನ ಹೈಪರ್‌ನ ಇನ್‌ಪುಟ್ ಹಾಕಿದರೆ ಇವನು ಹೊರಗೆ, ಅವನು ಹೈಪರ್ ಸಮೇತ ಒಳಗೆ. ಎರಡು ಲೆವೆಲ್ ಬೇಕು. ಎಲ್‌ಪಿ+ಎಲ್‌ಕೆ ಅಥವಾ ಎಚ್‌ಪಿ+ಎಚ್‌ಕೆ ಒತ್ತಿ ನೇರವಾಗಿ ಬದಲಿಸುವುದೂ ಉಂಟು, ಆದರೆ ಅದನ್ನು ಬ್ಲಾಕ್ ಮಾಡಿದರೆ ಬಂದವನು ಪೋಸ್ ಕೊಡುತ್ತಾ ನಿಂತು ಏಟು ತಿನ್ನುತ್ತಾನೆ. ಬ್ಲಾಕ್‌ನಲ್ಲಿ ಸಿಕ್ಕಿಕೊಂಡಾಗ ಹಿಂದೆ, ಕೆಳಗಿನ ಹಿಂದೋರೆ, ಕೆಳಗೆ, ಜೊತೆಗೆ ಎ1 ಇಲ್ಲವೇ ಎ2: ಇದು ವೇರಿಯಬಲ್ ಕೌಂಟರ್. ಒಂದು ಲೆವೆಲ್‌ಗೆ ಅಸಿಸ್ಟ್ ಏಟಿನೊಂದಿಗೇ ಪಾತ್ರ ಬದಲಾಗುತ್ತದೆ. ಕಮ್ಯಾಂಡೊನಂಥ ಮೇಲ್ಮುಖ ಏಟಿನವನು ಹಿಂದಿದ್ದರೆ ಮೂಲೆಯಿಂದ ಬಿಡಿಸಿಕೊಳ್ಳಲು ತುಂಬಾ ಒದಗುತ್ತದೆ.

ಓರೆಜಿಗಿತ:
ಕಾಂಬೊ ಒಂದಾದ್ರೂ ಹೇಳಿ, ಟ್ರೇನಿಂಗ್ ಮೋಡ್‌ನಲ್ಲಿ ಮಾಡೋಕೆ ಏನಾದ್ರೂ ಬೇಕಲ್ಲ.

ವೈಪರ್‌ಬೀಮ್:
ಎದುರಾಳಿಯನ್ನ ಮೇಲಕ್ಕೆ ಹಾರಿಸೋ ಏಟು, ಅಂದ್ರೆ ಲಾಂಚರ್ ತಗುಲಿಸಿ (ಹಲವು ಪಾತ್ರಗಳಿಗೆ ಕೆಳಗೆ+ಎಚ್‌ಪಿ, ಎಲ್ಲರಿಗೂ ಅಲ್ಲ, ಮೂವ್ ಲಿಸ್ಟ್ ನೋಡಿ), ತಕ್ಷಣ ಮೇಲೆ ಹಿಡಿದ್ರೆ ಸೂಪರ್ ಜಂಪ್. ಮೇಲೆ ಎಲ್‌ಪಿ, ಎಲ್‌ಕೆ, ಎಲ್‌ಪಿ, ಎಲ್‌ಕೆ, ಕೊನೆಗೆ ಎಚ್‌ಪಿ. ಎರಡನೇ ಸಲದ ಎಲ್‌ಪಿ, ಎಲ್‌ಕೆ ತಾವಾಗಿಯೇ ಮೀಡಿಯಂ ಆಗುತ್ತವೆ. ಗಡಗಡ ಅಂತ ಬಡಿದ್ರೆ ಆಗಲ್ಲ, ಒಂದೊಂದು ಏಟು ತಗುಲಿದ್ದು ನೋಡಿ ಮುಂದಿನದು. ಕಾಂಬೊ ಎರಡನೇ ಏಟಿಗೇ ಕಡಿದುಹೋಗ್ತಿದ್ರೆ ಜಂಪ್ ತಡವಾಗಿದೆ ಅಂತ ಅರ್ಥ, ಬಟನ್ ವೇಗ ಅಲ್ಲ.

ಟ್ರೇನಿಂಗ್ ಮೋಡ್‌ನ ಡಮ್ಮಿ ಎದುರಾಳಿಯನ್ನ ಬ್ಲಾಕ್‌ಗೆ ಹಾಕಿ ಇನ್ನೊಂದು ಅಭ್ಯಾಸ ಮಾಡಿ: ಎ1 ಒತ್ತಿ ಸೆಂಟಿನಲ್‌ನ ಡ್ರೋನ್ ಬರಿಸಿ, ಡ್ರೋನ್ ತಾಗ್ತಿರೋ ಹೊತ್ತಲ್ಲೇ ಡ್ಯಾಶ್, ಅದನ್ನ ಕೆಳಗೆ ಒತ್ತಿ ಕಡಿದು ಮತ್ತೆ ಡ್ಯಾಶ್. ಇದನ್ನ ವೇವ್‌ಡ್ಯಾಶ್ ಅಂತಾರೆ. ಡ್ರೋನ್ ಮುಗಿಯೋ ಮುಂಚೆ ಎದುರಾಳಿಯ ಮೈಮೇಲೆ ನಿಮ್ಮ ಎಲ್‌ಕೆ ಬಿದ್ದಿರಬೇಕು. ನಡುವೆ ಸಂದು ಬಿಟ್ರೆ ಅವನು ಜಂಪ್ ಮಾಡಿ ಹೋಗ್ತಾನೆ.