ಅಪ್‌ಡೇಟ್: ಟೊಮೆಟೊ ಮಂಡಿ ಗೇಮ್‌ನ ಹಮಾಲಿಗಳಿಗೆ ಮಾತು ಬಂತು

ಹೋದ ತಿಂಗಳು ಕೇಳಿದ್ದೆ: ಕೋಲಾರದ ಟೊಮೆಟೊ ಮಂಡಿ ಇಟ್ಕೊಂಡು ಗೇಮ್ ಮಾಡ್ತಿದೀನಿ, ಹಿನ್ನೆಲೆಯಲ್ಲಿರೋ 40 ಜನ ಅದೇ ಎರಡು ಮಾತು ಆಡ್ತಾರೆ, ಎಐ ಹಾಕ್ಲಾ ಅಂತ.

ಹಾಕಿದೆ. ಭಾಷಾ ಮಾಡೆಲ್ಲನ್ನ (ಮಾತು ಹೆಣೆಯೋ ಎಐ) ನೇರವಾಗಿ ಹಮಾಲಿಗೆ ಜೋಡಿಸಿದ್ರೆ, ತಲೆ ಮೇಲೆ 15 ಕೆಜಿ ಬಾಕ್ಸ್ ಹೊತ್ಕೊಂಡೇ "ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?" ಅಂದ! ಅದೂ ನಾಲ್ಕು ಸೆಕೆಂಡ್ ಯೋಚಿಸಿ. ರೇಟು ಕೇಳಿದ್ರೆ ಒಮ್ಮೆ 900, ಮರುಕ್ಷಣ 90.

ಬಿಹೇವಿಯರ್ ಟ್ರೀ (ಹೀಗಾದ್ರೆ ಹೀಗೆ ಮಾಡು ಅನ್ನೋ ನಿಯಮಗಳ ಕವಲುಪಟ್ಟಿ) ಸಾಕು ಅಂದಿದ್ರಲ್ಲ ಒಬ್ಬರು, ಅವರಿಗೆ ಥ್ಯಾಂಕ್ಸ್. 1980ರ ವಿಡಿಯೋ ಗೇಮ್ ಪ್ಯಾಕ್‌ಮ್ಯಾನ್‌ನ ನಾಲ್ಕು ದೆವ್ವಗಳು ಬರೀ ಸಣ್ಣ ನಿಯಮಗಳಲ್ಲೇ ನಾಲ್ಕು ಸ್ವಭಾವ ತೋರಿಸ್ತವೆ ಅನ್ನೋದನ್ನ ಮರೆತೇಬಿಟ್ಟಿದ್ದೆ. ಈಗ ಲಾರಿ ಬಂದ್ರೆ ಇಳಿಸೋದು, ಮಳೆ ಬಂದ್ರೆ ಟಾರ್ಪಾಲ್, ಸುಸ್ತಾದ್ರೆ ಟೀ, ಎಲ್ಲ ಟ್ರೀನೇ ನೋಡ್ಕೊಳುತ್ತೆ. ರೇಟು ಗೇಮ್‌ನ ಲೆಕ್ಕದಿಂದ ಬರುತ್ತೆ. ಮಾಡೆಲ್ ಕೈಲಿ ಮೊದಲೇ 300 ಮಾತು ಬರೆಸಿ ಇಟ್ಕೊಂಡೆ. ಅದು ಬರೆದಿದ್ದು ಪುಸ್ತಕದ ಕನ್ನಡ, ನಮ್ಮಮ್ಮ ಪಕ್ಕ ಕೂತು ತಿದ್ದಿದ್ರು. "ಏನಣ್ಣ, ಬಾಕ್ಸ್ ಎಷ್ಟಕ್ಕೋಯ್ತು?" ಅವರದೇ.

ಟೀ ಅಂಗಡಿ ತಾತನಿಗೆ ಮಾತ್ರ ನೇರ ಎಐ ಉಳಿಸಿದೀನಿ. ಅವರು ನಿಧಾನಕ್ಕೆ ಮಾತಾಡಿದ್ರೆ ಯಾರಿಗೂ ಅನುಮಾನ ಬರಲ್ಲ. ಹರಾಜು ಕೂಗೋರ ದನಿ ಇನ್ನೂ ಬಾಕಿ.