ಚಾಯದ ಬೋರ್ಡಿನಲ್ಲಿ ವರ್ಗಮೂಲ

ಬದಿಯಡ್ಕದ ಮಳೆ ಗೊತ್ತಲ್ವಾ? ಬಂದರೆ ಕರೆಂಟನ್ನು ಜೊತೆಗೇ ಕರೆದುಕೊಂಡು ಹೋಗುತ್ತದೆ. ಮೊನ್ನೆ ಸಂಜೆ ಅದ್ರಾಮಿಚ್ಚನ ಹೋಟೆಲಿನಲ್ಲಿ ನಾನು, ಭಟ್ರು, ಐತಪ್ಪ ಮೇಸ್ತ್ರಿ ಮೂವರೂ ಸಿಕ್ಕಿಬಿದ್ದಿದ್ದೆವು. ಮೂವರ ಮೊಬೈಲಿಗೂ ಚಾರ್ಜ್ ಇರಲಿಲ್ಲ. ಹಾಗಾಗಿ ಮಾತಾಡಲೇಬೇಕಾಯಿತು.

"ತೋಟದಲ್ಲಿ ನಾಲ್ಕು ಅಡಿಕೆ ಮರದ ನಡುವೆ ಒಂದೊಂದು ಕೊಕ್ಕೋ ಹಾಕುವ ಅಂತ," ಭಟ್ರು ಶುರು ಮಾಡಿದರು. "ಈ ಮೂಲೆಯ ಮರದಿಂದ ಎದುರು ಮೂಲೆಯ ಮರಕ್ಕೆ ಓರೆಯಾಗಿ ಪೈಪು ಎಳೆದರೆ ಕೊಕ್ಕೋಗೂ ನೀರು ಆಯ್ತು."

"ಈ ಮಳೆಯಲ್ಲಿ ನೀರು ಹಾಕುವ ಯೋಚನೆಯಾ?" ಎಂದ ಅದ್ರಾಮಿಚ್ಚ, ಒಲೆಯ ಹತ್ತಿರದಿಂದಲೇ.

"ಬೇಸಗೆಗೆ ಮಾರಾಯ! ಎಷ್ಟು ಉದ್ದ ಬೇಕು ಅಂತ ಮಗನನ್ನು ಕೇಳಿದೆ. ಒಂಬತ್ತನೇ ಕ್ಲಾಸು. √162 ಅಡಿ ಅಂತ ಬರೆದುಕೊಟ್ಟು ಆಟಕ್ಕೆ ಹೋದ. ಪೈಪಿನ ಅಂಗಡಿಯಲ್ಲಿ ಹೀಗೆ ಕೇಳಿದರೆ ನನ್ನನ್ನು ಡಾಕ್ಟ್ರ ಹತ್ತಿರ ಕಳಿಸ್ತಾರೆ."

ಹುಡುಗನ ಲೆಕ್ಕ ಸರಿಯೇ. ನಮ್ಮ ಕಡೆ ಅಡಿಕೆಗೆ ಅಂತರ 9 ಅಡಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯವರ ಲೆಕ್ಕದಲ್ಲಿ 2.7 ಮೀಟರ್, ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಬದಿಯ ವರ್ಗ 9×9, ಅಂದರೆ 81. 81ಕ್ಕೆ 81 ಕೂಡಿದರೆ 162. ಅದರ ವರ್ಗಮೂಲವೇ ಓರೆಯ ಉದ್ದ.

"ನನಗೂ ಲೆಕ್ಕ ಬರ್ತದೆ," ಎಂದರು ಭಟ್ರು. "81ರ ಮೂಲ 9. ಇನ್ನೊಂದು 81ರದ್ದೂ 9. ಒಟ್ಟು 18. ಮುಗೀತಲ್ಲ?"

ಮೇಸ್ತ್ರಿ ಕೈಯಲ್ಲಿದ್ದ ಗೋಳಿಬಜೆ ಕೆಳಗಿಟ್ಟರು. "ಭಟ್ರೇ, ಸಾಲಿನಲ್ಲೇ ಹೋಗಿ ತಿರುಗಿದರೂ 9 ಮತ್ತು 9, ಹದಿನೆಂಟೇ. ಮತ್ತೆ ಒಳದಾರಿ ಎಂತಕ್ಕೆ? ಪಾಯ ಹಾಕುವಾಗ ನಾವು ಮೂಲೆ ಹಿಡಿಯುವುದು 3, 4, 5ರಲ್ಲಿ. 9ಕ್ಕೆ 16 ಕೂಡಿದರೆ 25, ಮೂಲ 5. ನಿಮ್ಮ ಹಾಗೆ 7 ಅಂತ ಹಗ್ಗ ಹಿಡಿದರೆ ಮೂಲೆಯೇ ಇರುವುದಿಲ್ಲ. ಗೋಡೆ ನೆಟ್ಟಗೆ ರಸ್ತೆಗೆ ಹೋಗ್ತದೆ."

ಇನ್ನು ನಾನು ಸುಮ್ನೆ ಕೂರುವುದು ಹೇಗೆ? ಒಂದು ಕಾಲದಲ್ಲಿ ಟ್ಯೂಷನ್ ಕೊಟ್ಟವ. ಅದ್ರಾಮಿಚ್ಚನ ರೇಟು ಬರೆಯುವ ಕಪ್ಪು ಬೋರ್ಡಿನಲ್ಲಿ ಅಂಕಿಗಳನ್ನು ಅಂಗೈಯಿಂದ ಒರಸಿದೆ. ಚಾಕ್‌ಪೀಸ್ ತೆಗೆದುಕೊಂಡು √162 ಎಂದು ಬರೆದೆ.

"ಈ ಗೆರೆ ಎಂತದ್ದು, ಮುರಿದ ಏಣಿಯ ಹಾಗೆ?"

"1525ರಲ್ಲಿ ಜರ್ಮನಿಯ ಕ್ರಿಸ್ಟೋಫ್ ರುಡಾಲ್ಫ್ ಎಂಬ ಗಣಿತಜ್ಞನ ಪುಸ್ತಕದಲ್ಲಿ ಅಚ್ಚಾದ ಗುರುತು," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎರಡನೇ ಪ್ಲೇಟ್ ಗೋಳಿಬಜೆ ಬಂದಿತ್ತು.

162 ಅಂದರೆ 9×18. 9ರ ಮೂಲ 3, ಅದು ಹೊರಗೆ. ಉತ್ತರ 3√18. ನಾನು ಗೆದ್ದವನ ಹಾಗೆ ಕೈ ಕೊಡವಿಕೊಂಡೆ.

"ಹದಿನೆಂಟರ ಒಳಗೆ ಇನ್ನೂ ಒಂದು ಒಂಬತ್ತು ಕೂತಿದೆಯಲ್ಲ?" ಎಂದ ಅದ್ರಾಮಿಚ್ಚ, ಚಾಯ ಎತ್ತಿ ಹೊಯ್ಯುತ್ತಾ.

ಹೌದು! 3√18 ತಪ್ಪಲ್ಲ. ಆದರೆ ಅರ್ಧ ಸುಲಿದ ಅಡಿಕೆ. ಟ್ಯೂಷನ್ನಿನಲ್ಲಿ ಇದಕ್ಕೇ ಎಷ್ಟು ಮಕ್ಕಳ ಮಾರ್ಕು ಕತ್ತರಿಸಿದ್ದೆನೋ. ಮರ್ಯಾದೆ ಉಳಿಸಿಕೊಳ್ಳಲು ಬುಡದಿಂದಲೇ ಒಡೆದೆ. 2ರಿಂದ ಭಾಗಿಸಿದರೆ 81. ಮತ್ತೆ 3ರಿಂದ 27, 9, 3, 1. ಅಂದರೆ 2×3×3×3×3. ಮೂರುಗಳು ಎರಡು ಜೋಡಿ. ಒಂದೊಂದು ಜೋಡಿಗೆ ಒಂದೊಂದು 3 ಹೊರಗೆ ಬರುತ್ತದೆ, 3×3 ಒಂಬತ್ತು. ಒಂಟಿ 2 ಒಳಗೇ. 9√2.

"ಇಬ್ಬರು ಒಳಗಿದ್ದರು, ಹೊರಗೆ ಬಂದದ್ದು ಒಬ್ಬ. ಇನ್ನೊಬ್ಬ ಎಲ್ಲಿ?" ಭಟ್ರಿಗೆ ಅನುಮಾನ.

"ಸೊಸೈಟಿಯಲ್ಲಿ ನಿಮ್ಮದು ಜಂಟಿ ಖಾತೆ ಅಲ್ವಾ? ಸಹಿ ಎರಡು, ಚೆಕ್ಕು ಒಂದೇ," ಎಂದರು ಮೇಸ್ತ್ರಿ. ಇಷ್ಟು ವರ್ಷ ಟ್ಯೂಷನ್ ಕೊಟ್ಟರೂ ನನಗೆ ಈ ಉಪಮೆ ಹೊಳೆದಿರಲಿಲ್ಲ.

"ಸುಲಿದು ಲಾಭ ಎಂತ? ಒಳಗೆ 2 ಉಳಿಯಿತಲ್ಲ?"

ಲಾಭ ಅಲ್ಲೇ ಇರುವುದು. √50 ಮತ್ತು √98 ನೋಡಿದರೆ ಪರಿಚಯವೇ ಇಲ್ಲದವರ ಹಾಗೆ. ಸುಲಿದರೆ 5√2, 7√2. ಒಂದೇ ಮನೆಯವರು! ಕೂಡಿದರೆ 12√2. √2 ಅಂದರೆ ಸುಮಾರು 1.414 ಎಂಬುದೊಂದು ನೆನಪಿದ್ದರೆ ಸಾಕು, ಮೊಬೈಲ್ ಸತ್ತರೂ ತೊಂದರೆ ಇಲ್ಲ. 9ರಿಂದ ಗುಣಿಸಿ: 12.726. ಹನ್ನೆರಡು ಅಡಿ ಒಂಬತ್ತು ಇಂಚು ಎಂದಿಟ್ಟುಕೊಳ್ಳಿ. ಕೊಕ್ಕೋ ಗುಂಡಿ ಅದರ ಅರ್ಧದಲ್ಲಿ, ಮರದಿಂದ ಆರು ಅಡಿ ನಾಲ್ಕು ಇಂಚು ಚಿಲ್ಲರೆ.

"ಹದಿಮೂರು ಅಡಿಯೇ ತೆಗೊಳ್ಳಿ ಭಟ್ರೇ," ಎಂದರು ಮೇಸ್ತ್ರಿ. "ಪೈಪು ಕತ್ತರಿಸಬಹುದು, ಎಳೆದು ಉದ್ದ ಮಾಡಲಿಕ್ಕಾಗುವುದಿಲ್ಲ."

ಅಷ್ಟರಲ್ಲಿ ಕರೆಂಟು ಬಂತು. ಮಳೆಯಲ್ಲಿ ನೆನೆದುಕೊಂಡು ಬಂದ ಒಬ್ಬರು ಒಂದು ಚಾಯ ಕುಡಿದು, ಜೇಬಿಗೆ ಕೈ ಹಾಕಿ ಬೋರ್ಡು ನೋಡಿದರು. 'ಚಾಯ' ಎಂಬುದರ ಮುಂದೆ ನನ್ನ 9√2 ನಿಂತಿತ್ತು.

"ಒಂಬತ್ತು ಗೊತ್ತಾಯ್ತು. ಪಕ್ಕದ್ದೆಂತ?"

"ಅದು ಮಳೆಗಾಲದ ರೇಟು," ಎಂದ ಅದ್ರಾಮಿಚ್ಚ. "ಹದಿಮೂರು ಕೊಡಿ."