ಅಪ್‌ಡೇಟ್: ಕ್ವಾರ್ಟೆಟ್‌ಗೆ ಜನ ಸಿಕ್ಕರು

ಚೆಲ್ಲೊ (ಕೂತು ನುಡಿಸುವ, ಪಿಟೀಲಿನಂಥದ್ದೇ ದೊಡ್ಡ ವಾದ್ಯ) ನುಡಿಸುವ ಹವ್ಯಾಸಿ ನಾನು, ಕಛೇರಿ ಗಿಛೇರಿ ಬೇಡ, ಸುಮ್ನೆ ಜೊತೆಗೆ ನುಡಿಸೋಕೆ ಜನ ಹೇಗೆ ಹುಡುಕಲಿ ಅಂತ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ನನ್ನ ಚೆಲ್ಲೊ, ಹೀಗೆ ಕ್ವಾರ್ಟೆಟ್‌ಗೆ ಬೇಕಾದ ನಾಲ್ಕು ಜನ ಆಗಿದ್ದೇವೆ!

ಕೆಲಸಕ್ಕೆ ಬಂದಿದ್ದು ಎಸಿಎಂಪಿ ಎಂಬ ಸಂಸ್ಥೆಯ ಸದಸ್ಯರ ಪಟ್ಟಿ. 1947ರಿಂದ ಹವ್ಯಾಸಿಗಳನ್ನು ಒಬ್ಬರಿಗೊಬ್ಬರು ಪರಿಚಯಿಸುವುದೇ ಅದರ ಕೆಲಸ. ಅಲ್ಲಿ ನಮ್ಮ ಮಟ್ಟವನ್ನು ನಾವೇ ಎ, ಬಿ, ಸಿ, ಡಿ ಅಂತ ಹೇಳಿಕೊಳ್ಳಬೇಕು. ನಾನು ಸಿ ಹಾಕಿದೆ. ಮುಜುಗರ ಪಡುವಂಥದ್ದೇನಿಲ್ಲ, ಸರಿಸಮಾನರು ಸಿಗುವುದೇ ಮುಖ್ಯ ಅಲ್ವಾ? ಪಿಟೀಲಿನವರು ಬೇಗ ಸಿಕ್ಕರು. ವಿಯೋಲಾದವರಿಗೆ ಮಾತ್ರ ಎಲ್ಲೆಲ್ಲೂ ಬೇಡಿಕೆ, ಕಾಯಬೇಕಾಯಿತು. ಕೊನೆಗೆ ಬಂದವರು ಪಿಟೀಲು ಬಿಟ್ಟು ವಿಯೋಲಾ ಹಿಡಿದವರು.

ಮೊದಲಿಗೆ ಹದಿನೆಂಟನೇ ಶತಮಾನದ ಸಂಗೀತ ರಚನಕಾರ ಹೇಡನ್‌ರ ಓಪಸ್ 1 (ಅವರ ಶುರುವಿನ ಕ್ವಾರ್ಟೆಟ್‌ಗಳ ಗುಚ್ಛ) ತೆಗೆದುಕೊಂಡೆವು. ಹಕ್ಕುಸ್ವಾಮ್ಯ ಮುಗಿದಿದೆ, ಸ್ವರಲಿಪಿಗಳ ವೆಬ್‌ಸೈಟ್ ಐಎಂಎಸ್‌ಎಲ್‌ಪಿಯಲ್ಲಿ ಪುಕ್ಕಟೆ ಸಿಗುತ್ತದೆ. ಚೆಲ್ಲೊ ಭಾಗ ಸುಲಭ, ಕಷ್ಟವೆಲ್ಲ ಮೊದಲ ಪಿಟೀಲಿನ ತಲೆಗೆ. (ಪಾಪ!) ಪುಟಗಳನ್ನು ಮೊದಲೇ ಕಳಿಸಿದ್ದೆ, ಬಾರ್ (ಸ್ವರಲಿಪಿಯಲ್ಲಿ ಗೆರೆ ಎಳೆದು ಭಾಗ ಮಾಡಿದ ಒಂದೊಂದು ತುಂಡು) ನಂಬರ್ ಬರೆದು. ಮಿನ್ಯುಯೆಟ್ ಎಂಬ ನೃತ್ಯದ ಲಯದ ಭಾಗದಲ್ಲಿ ನಾಲ್ವರೂ ನಾಲ್ಕು ಕಡೆ ಹೋದಾಗ ವಿಯೋಲಾದವರು ನಿಲ್ಲಿಸದೆಯೇ "ಇಪ್ಪತ್ತೊಂದು!" ಅಂತ ಕೂಗಿದರು. ಎಲ್ಲರೂ ಅಲ್ಲಿಗೇ ಜಿಗಿದೆವು. ನಂಬರ್ ಬರೆಯದೆ ಕೂರಲೇಬೇಡಿ.

ಇನ್ನು ಶ್ರುತಿಯ ವಿಚಾರ... ಅದಕ್ಕೆ ಇನ್ನೂ ಜಾಸ್ತಿ ಟೈಮ್ ಬೇಕು. ಮುಂದಿನ ಸಲಕ್ಕೆ ಒಬ್ಬ ಕ್ಲಾರಿನೆಟ್‌ನವರು ಸೇರುತ್ತೇನೆ ಅಂದಿದ್ದಾರೆ.